ಮೇಜರ್ ಆಟ್ಲಿ: ದಂಡಿನಿಂದ ಪುರಸಭೆಗೆ, ಪುರಸಭೆಯಿಂದ ಪ್ರಧಾನಿ ಪದವಿಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಸ್ಥಳ ಸೇರಿದ ನಮ್ಮಂಥವರು "ಇಲ್ಲಿಯ ರಾಜಕಾರಣ ನಮಗೇಕೆ?" ಎನ್ನುವುದುಂಟು. ನಲ್ಲಿಗೆ ನೀರು ಬಾರದಿದ್ದರೆ, ಮಾಡು ಸೋರಿದರೆ ಗೊಣಗುತ್ತೇವೆ. ವಾರ್ಡಿನ ಚುನಾವಣೆಯ ದಿನ ಮಾತ್ರ ಮನೆಯಲ್ಲೇ ಉಳಿದುಬಿಡುತ್ತೇವೆ. ಅದಕ್ಕಾಗಿಯೇ ಈ ಸಲ ಒಬ್ಬ ದಂಡಾಳಿನ ಜೀವನವನ್ನು ಪಾಠವಾಗಿ ಎತ್ತಿಕೊಂಡಿದ್ದೇವೆ.

ಕ್ಲೆಮೆಂಟ್ ಆಟ್ಲಿಯವರು 1883ರಲ್ಲಿ ಲಂಡನ್ನಿನ ಪಟ್ನಿಯಲ್ಲಿ, ಸ್ಥಿತಿವಂತ ವಕೀಲರ ಮನೆಯಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಓದಿ ತಾವೂ ವಕೀಲರಾದರು. 1905ರಲ್ಲಿ ಪೂರ್ವ ಲಂಡನ್ನಿನ ಸ್ಟೆಪ್ನಿಯಲ್ಲಿ ಬಡ ಹುಡುಗರಿಗಾಗಿ ನಡೆಯುತ್ತಿದ್ದ ಒಂದು ಸಂಘಕ್ಕೆ ಹೋಗತೊಡಗಿದರು. ಹಡಗುಕಟ್ಟೆಯ ಕೂಲಿಗಾರರೂ ಹೊರದೇಶಗಳಿಂದ ವಲಸೆ ಬಂದು ದರ್ಜಿಕೆಲಸ ಮಾಡುತ್ತಿದ್ದ ಯಹೂದಿಗಳೂ ಇಕ್ಕಟ್ಟಿನಲ್ಲಿ ಬಾಳುತ್ತಿದ್ದ ಕೇರಿ ಅದು. ಧರ್ಮಕಾರ್ಯದಿಂದ ಮಾತ್ರ ಈ ಬಡತನ ನೀಗದು, ಕಾನೂನೇ ಬದಲಾಗಬೇಕು ಎಂದು ಅಲ್ಲಿ ಅವರಿಗೆ ಮನದಟ್ಟಾಯಿತು. 1908ರಲ್ಲಿ ಕಾರ್ಮಿಕರ ಪಕ್ಷ ಸೇರಿದರು. ಮರುವರ್ಷ ಪುರಸಭೆಯ ಚುನಾವಣೆಗೆ ನಿಂತು ಸೋತರು.

1914ರಲ್ಲಿ ಯುದ್ಧ ಬಂದಾಗ ತಾವಾಗಿ ದಂಡು ಸೇರಿದರು. 1915ರಲ್ಲಿ ಗ್ಯಾಲಿಪೊಲಿಗೆ ಹೋಗಿ ಆಮಶಂಕೆಯಿಂದ ಮಲಗಿದರು. ಚೇತರಿಸಿಕೊಂಡು ಮತ್ತೆ ರಣರಂಗಕ್ಕೆ ಮರಳಿದರು. ಡಿಸೆಂಬರಿನಲ್ಲಿ ಸುವ್ಲಾ ಕೊಲ್ಲಿಯಿಂದ ಸೈನ್ಯ ಹಿಂದೆಗೆದಾಗ, ದಡ ಬಿಟ್ಟವರಲ್ಲಿ ಇವರ ಹಿಂದೆ ಉಳಿದವರು ಒಬ್ಬರೇ. 1916ರಲ್ಲಿ ಮೆಸೊಪೊಟೇಮಿಯದಲ್ಲಿ ಗಾಯಗೊಂಡರು. 1918ರಲ್ಲಿ ಫ್ರಾನ್ಸಿನಲ್ಲಿ ಹೋರಾಡಿ, ಮೇಜರ್ ಪದವಿಯೊಡನೆ ಮರಳಿದರು.

ಮರಳಿದ್ದು ಎಲ್ಲಿಗೆ? ಅದೇ ಸ್ಟೆಪ್ನಿಗೆ! 1919ರಲ್ಲಿ ಅಲ್ಲಿಯ ಮೇಯರರಾದರು. ಹೆಚ್ಚು ಬಾಡಿಗೆ ವಸೂಲು ಮಾಡಿ ದುರಸ್ತಿಗೆ ಕಾಸು ಬಿಚ್ಚದ ಮನೆಮಾಲೀಕರ ಮೇಲೆ ಪುರಸಭೆ ನೋಟೀಸು ಜಾರಿಮಾಡಿ, ದುರಸ್ತಿ ಮಾಡಿಸಿತು. ನೈರ್ಮಲ್ಯ ತನಿಖೆದಾರರನ್ನೂ ತಾಯಿ-ಮಕ್ಕಳ ಆರೋಗ್ಯ ನೋಡುವವರನ್ನೂ ನೇಮಿಸಿತು. ಶಿಶುಮರಣ ಇಳಿಯಿತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ನಡೆಸುವವರು ಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಆ ಕೆಲಸ ಕಂಡ ಜನ 1922ರಲ್ಲಿ ಅವರನ್ನು ಲೈಮ್‌ಹೌಸಿನಿಂದ ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. 1931ರಲ್ಲಿ ಪಕ್ಷವೇ ನೆಲಕಚ್ಚಿದಾಗ ಇವರು ಬರೇ 551 ಮತಗಳಿಂದ ಗೆದ್ದುಳಿದರು. ಹಿರಿಯ ಮುಂದಾಳುಗಳು ಹಲವರು ಸೋತಿದ್ದುದರಿಂದ ಹೊಣೆ ಇವರ ಹೆಗಲೇರಿತು. 1935ರಲ್ಲಿ ಪಕ್ಷದ ನಾಯಕರಾದರು. 1942ರಲ್ಲಿ ಉಪಪ್ರಧಾನಿ, 1945ರಲ್ಲಿ ಚರ್ಚಿಲರ ಪಕ್ಷವನ್ನು ಸೋಲಿಸಿ ಪ್ರಧಾನಿ. 1948ರ ಜುಲೈ 5ರಂದು ಅವರ ಸರಕಾರ ಎಲ್ಲರಿಗೂ ಪುಕ್ಕಟೆ ವೈದ್ಯೋಪಚಾರದ ವ್ಯವಸ್ಥೆಯನ್ನು ಆರಂಭಿಸಿತು.

ನಮ್ಮ ದೇಶಕ್ಕೂ ಅವರಿಗೂ ಸಂಬಂಧವುಂಟು. ಭಾರತೀಯರೊಬ್ಬರೂ ಇಲ್ಲದ ಸೈಮನ್ ಆಯೋಗದ ಸದಸ್ಯರಾಗಿ 1928ರಲ್ಲಿ ಇಲ್ಲಿಗೆ ಬಂದರು. ಆ ಆಯೋಗವನ್ನು ಜನ ಕಪ್ಪುಬಾವುಟ ಹಿಡಿದು ಎದುರುಗೊಂಡರು. ಅದೇ ಆಟ್ಲಿಯವರು 1947ರ ಫೆಬ್ರುವರಿ 20ರಂದು, 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುವುದಾಗಿ ಸಾರಿದರು. ಸ್ವಾತಂತ್ರ್ಯ ಅದಕ್ಕೂ ಮೊದಲೇ, ಆಗಸ್ಟ್ 15ಕ್ಕೆ ಬಂತು. ವಿಭಜನೆಯ ರಕ್ತಪಾತದಲ್ಲಿ ಆ ಅವಸರದ ಪಾಲೂ ಇದೆಯೆಂಬ ಆಕ್ಷೇಪಣೆಯನ್ನೂ ನಾವು ಮರೆಯಬಾರದು. ಒಬ್ಬರ ಗುಣವನ್ನು ಕಲಿಯುವಾಗ ಲೋಪವನ್ನು ಮುಚ್ಚಿಡಬೇಕಾಗಿಲ್ಲ.

1951ರಲ್ಲಿ ಅಧಿಕಾರ ಹೋಯಿತು, 1967ರಲ್ಲಿ ತೀರಿಕೊಂಡರು.

ಇದರಿಂದ ನಾವು ಕಲಿಯುವುದೇನು? ದೇಶದ ರಾಜಕಾರಣಕ್ಕೆ ಮೊದಲ ಮೆಟ್ಟಿಲು ನಮ್ಮ ಓಣಿಯ ನಲ್ಲಿಯ ಹತ್ತಿರವೇ ಇದೆ. ನಮ್ಮ ಕಾನೂನಿನಂತೆ, ಸಾಮಾನ್ಯವಾಗಿ ಎಲ್ಲಿ ವಾಸವಾಗಿದ್ದೇವೋ ಅಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಎರಡು ಕಡೆ ಇರಕೂಡದು. ಊರಿನ ಪಟ್ಟಿಯಲ್ಲಿರುವವರು 8ನೆಯ ನಮೂನೆ ತುಂಬಿ ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಊರಿನ ಮೇಲಿನ ಮಮತೆ ಅದರಿಂದ ಕಡಿಮೆಯಾಗದು. ಈ ತಿಂಗಳು ನಮ್ಮ ನಮ್ಮ ಹೆಸರು ಎಲ್ಲಿದೆಯೆಂದು ಮೊದಲು ನೋಡಿಕೊಳ್ಳೋಣ.