ಮೊದಲು ವೈರು, ಆಮೇಲೆ ಪೆಟ್ಟಿಗೆ

ಭಜನಾ ಮಂಡಳಿ ಇರಲಿ, ಊರಿನ ಆರ್ಕೆಸ್ಟ್ರಾ ಇರಲಿ, ಕಾಲೇಜು ಗೆಳೆಯರ ಬ್ಯಾಂಡ್ ಇರಲಿ, ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಒಂದು ಮೈಕು ಕರಕರ ಅನ್ನಲು ಶುರುವಾಗುತ್ತದೆ. ಕೂಡಲೇ ಎಲ್ಲರೂ ಮಿಕ್ಸರ್ ಸುತ್ತ ಸೇರುತ್ತಾರೆ. ಸೇರಬೇಕಾದದ್ದು ವೈರಿನ ಹತ್ತಿರ. ವೇದಿಕೆಯ ಮೇಲೆ ಎಳೆದಾಡಿ, ತುಳಿದು, ಗಡಿಬಿಡಿಯಲ್ಲಿ ಸುತ್ತಿಟ್ಟು ಸವೆಯುವುದು ಅದೇ. ಅದರಲ್ಲೂ ವೈರು ಪಿನ್ನಿನೊಳಗೆ ಹೋಗುವ ಜಾಗ ಬೇಗ ಸೋಲುತ್ತದೆ.

ರಿಪೇರಿ ಕಲಿಯುವವರು ಮೊದಲು ಸದ್ದು ಸಾಗುವ ದಾರಿಯನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ: ಮೈಕು, ಕೇಬಲ್, ಮಿಕ್ಸರ್, ಆಂಪ್ಲಿಫೈಯರ್, ಸ್ಪೀಕರ್. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ಕೇಬಲ್ಲನ್ನೂ ಮಿಕ್ಸರಿನ ಚಾನೆಲ್ಲನ್ನೂ ಒಟ್ಟಿಗೆ ಬದಲಿಸಿದಾಗ ಸದ್ದು ಸರಿಹೋದರೆ, ದೋಷ ಯಾವುದರದ್ದೆಂದು ತಿಳಿಯುವುದೇ ಇಲ್ಲ. ಈ ಕೆಲಸಕ್ಕೆ ಗೆಳೆಯರು ಬೇಕೇ ಬೇಕು. ಒಬ್ಬರು ಮೈಕಿನಲ್ಲಿ ಮಾತಾಡುತ್ತಿರಲಿ, ಇನ್ನೊಬ್ಬರು ವೈರಿನ ತುದಿಗಳನ್ನು ಮೆಲ್ಲಗೆ ಅಲ್ಲಾಡಿಸಲಿ, ಕಿವಿ ಚುರುಕಿರುವವರು ಸ್ಪೀಕರ್ ಹತ್ತಿರ ನಿಲ್ಲಲಿ.

ಮೈಕಿನ ಕೇಬಲ್ಲಿಗೆ ಮೂರು ಪಿನ್ನು. ಒಂದನೆಯದು ಹೊರಗಿನ ಜಾಲರಿಗೆ ಸೇರಿದ್ದು. ಎರಡು ಮತ್ತು ಮೂರರಲ್ಲಿ ಒಂದೇ ಸದ್ದು ತದ್ವಿರುದ್ಧ ದಿಕ್ಕಿನಲ್ಲಿ ಹರಿಯುತ್ತದೆ. ದಾರಿಯಲ್ಲಿ ಅಂಟಿಕೊಳ್ಳುವ ಗದ್ದಲ ಎರಡಕ್ಕೂ ಸಮವಾಗಿ ಅಂಟುವುದರಿಂದ, ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಹಾಡು ಉಳಿಯುತ್ತದೆ. ಎಷ್ಟು ಚೆಂದದ ಉಪಾಯ! ಹಾಗಾಗಿಯೇ ಮೂರನೆಯ ಪಿನ್ನಿನ ಬೆಸುಗೆ ಬಿಟ್ಟರೂ ಮೈಕು ಪೂರ್ತಿ ಸಾಯದೇ ಇರಬಹುದು. ಸದ್ದು ತೆಳ್ಳಗಾಗಿ ಗುಂಯ್‌ಗುಡುವುದು ಹೆಚ್ಚುತ್ತದೆ. ಮೈಕಿಗೇ ವಯಸ್ಸಾಯಿತೆಂದು ಹೊಸದು ಕೊಳ್ಳಬೇಡಿ. ಮಲ್ಟಿಮೀಟರನ್ನು ಕೀಂ ಅನ್ನುವ ಜಾಗಕ್ಕೆ ತಿರುಗಿಸಿ, ಈ ತುದಿಯ ಒಂದಕ್ಕೂ ಆ ತುದಿಯ ಒಂದಕ್ಕೂ, ಹಾಗೆಯೇ ಎರಡಕ್ಕೆ ಎರಡು, ಮೂರಕ್ಕೆ ಮೂರು ತಾಗಿಸಿ. ಪ್ರತಿ ಸಲವೂ ಕೂಗಬೇಕು. ಒಂದಕ್ಕೂ ಎರಡಕ್ಕೂ ನಡುವೆ ಕೂಗಿದರೆ ಒಳಗೆ ಶಾರ್ಟ್ ಆಗಿದೆ. ತಾಗಿಸಿಕೊಂಡೇ ವೈರನ್ನು ಬಾಗಿಸಿಯೂ ನೋಡಬೇಕು, ಅದಕ್ಕೆ ಇಬ್ಬರ ಕೈ ಬೇಕಾಗುತ್ತದೆ.

ಬೆಸುಗೆ ಹಾಕುವ ಮುಂಚೆ ಪಿನ್ನಿನ ಹಿಂಭಾಗದ ಕವರನ್ನು ವೈರಿಗೆ ಪೋಣಿಸಿಕೊಳ್ಳಿ. ಮರೆತರೆ ಹಾಕಿದ್ದನ್ನೆಲ್ಲ ಬಿಚ್ಚಬೇಕು. ಸೋಲ್ಡರಿಂಗ್ ಐರನ್ನಿನಿಂದ ಮೊದಲು ಪಿನ್ನನ್ನು ಕಾಯಿಸಿ, ಸೀಸ ಆ ಬಿಸಿಗೆ ತಾನೇ ಕರಗಿ ಹರಿಯಲಿ. ಸೀಸವನ್ನು ಐರನ್ನಿನ ತುದಿಯಲ್ಲಿ ಕರಗಿಸಿ ಮೆತ್ತಿದರೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಹಿಡಿದಿರುವುದಿಲ್ಲ. ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಪಿನ್ನು, ಜ್ಯಾಕು ಬಿಡಿಯಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ.

ನಿಲ್ಲದ ಗುಂಯ್ ಶಬ್ದದ ಕಥೆ ಬೇರೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಕೇಳುತ್ತಿರುವುದು ಹೆಚ್ಚಾಗಿ ಅದನ್ನೇ. ಕೀಬೋರ್ಡ್ ಒಂದು ಮೂಲೆಯ ಪ್ಲಗ್ಗಿಗೆ, ಮಿಕ್ಸರ್ ಇನ್ನೊಂದು ಮೂಲೆಯ ಪ್ಲಗ್ಗಿಗೆ ಹೋಗಿದ್ದರೆ ಎರಡು ಅರ್ಥಿಂಗ್‌ಗಳ ನಡುವೆ ಸುತ್ತು ಬೀಳುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ತನ್ನಿ. ಆಗಲೂ ನಿಲ್ಲದಿದ್ದರೆ ನಡುವೆ ಡಿಐ ಬಾಕ್ಸ್ (ವಾದ್ಯದ ಸದ್ದನ್ನು ಮೈಕಿನ ಕೇಬಲ್ಲಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಇಟ್ಟು, ಸದ್ದಿನ ವೈರಿನ ಅರ್ಥಿಂಗನ್ನು ಮಾತ್ರ ಕಡಿಯುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಶಬ್ದ ನಿಲ್ಲುತ್ತದೆಂದು ಪ್ಲಗ್ಗಿನ ದಪ್ಪ ಅರ್ಥಿಂಗ್ ಪಿನ್ನನ್ನು ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಎಂದಿಗೂ ಹಾಗೆ ಮಾಡಬೇಡಿ. ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ಸ್ವಾನ್ಸಿಯ ವೇದಿಕೆಯ ಮೇಲೆ ಸತ್ತದ್ದು ಸರಿಯಾಗಿ ಅರ್ಥಿಂಗ್ ಆಗದ ಮೈಕನ್ನು ಮುಟ್ಟಿ.

ಆಂಪ್ಲಿಫೈಯರಿನ ಪೆಟ್ಟಿಗೆಯನ್ನೂ ಸದ್ಯಕ್ಕೆ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳು ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದು ಬಲ್ಲವರ ಪಕ್ಕ ಕೂತು ಕಲಿಯಬೇಕಾದ ಪಾಠ.

ವೈರುಗಳನ್ನು ತಿಂಗಳಿಗೊಂದು ಭಾನುವಾರ ಎಲ್ಲರೂ ಕೂತು ಪರೀಕ್ಷಿಸಿ. ಸರಿಯಾದದ್ದಕ್ಕೆ ಬಣ್ಣದ ಟೇಪು ಸುತ್ತಿ ತಾರೀಖು ಬರೆಯಿರಿ. ಕೆಟ್ಟದ್ದಕ್ಕೆ ಅಲ್ಲೇ ಒಂದು ಗಂಟು ಹಾಕಿ ಬೇರೆ ಚೀಲದಲ್ಲಿಡಿ, ಅವಸರದಲ್ಲಿ ಯಾರೂ ಅದನ್ನು ವೇದಿಕೆಗೆ ಒಯ್ಯದಂತೆ.