ಟೆಕ್ನಿಕಲ್ ದಿನದ ಸಿಟ್ಟು

ಪ್ರಶ್ನೆ: ನನಗೆ 41 ವರ್ಷ, ಬ್ಯಾಂಕ್ ನೌಕರ. ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತೇನೆ. ಎರಡು ತಿಂಗಳ ತಾಲೀಮು ಖುಷಿಯಾಗಿಯೇ ಕಳೆಯುತ್ತದೆ. ಆದರೆ ಟೆಕ್ನಿಕಲ್ ರಿಹರ್ಸಲ್ ಎಂದರೆ ಮೈಯೆಲ್ಲ ಉರಿಯುತ್ತದೆ. ಬಾಡಿಗೆ ಹೆಚ್ಚಾದ್ದರಿಂದ ರಂಗಮಂದಿರ ಪ್ರದರ್ಶನದ ದಿನ ಮಾತ್ರ ಸಿಗುತ್ತದೆ. ಬೆಳಿಗ್ಗೆಯೆಲ್ಲ ಲೈಟ್ ಕಟ್ಟುತ್ತಾರೆ, ಮಧ್ಯಾಹ್ನ ನಮ್ಮನ್ನು ನಿಲ್ಲಿಸಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ಕಳೆದ ಸಲ ಲೈಟಿಂಗ್ ಹುಡುಗನ ಮೇಲೆ ಕೂಗಾಡಿಬಿಟ್ಟೆ. ಸಂಜೆ ಹೊತ್ತಿಗೆ ತಲೆನೋವು, ಎದೆಯುರಿ, ಗಂಟಲೂ ಕಟ್ಟಿತ್ತು. ಇದು ಬಿಪಿಯೇ? ಸಮಾಧಾನಕ್ಕೆ ಮಾತ್ರೆ ಇದೆಯೇ?
– ಹೆಸರು ಬೇಡ, ಮೈಸೂರು

ಉತ್ತರ: ಮಾತ್ರೆ ಬೇಡ. ಎದೆಬಡಿತ ತಗ್ಗುತ್ತದೆಂದು ಗೆಳೆಯರು ಪ್ರೊಪ್ರನೊಲಾಲ್ ಕೊಟ್ಟರೂ ನುಂಗಬೇಡಿ. ಉಬ್ಬಸ ಇರುವವರಿಗಂತೂ ಅದು ಅಪಾಯ.

ಪಾತ್ರಕ್ಕೆ ಸಜ್ಜಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಪ್ರದರ್ಶನದಲ್ಲಾದರೆ ಮಾತು, ಓಡಾಟಗಳಲ್ಲಿ ಅದು ಕರಗುತ್ತದೆ. ಟೆಕ್ನಿಕಲ್‌ನಲ್ಲಿ 'ಹಾಗೇ ಇರಿ ಸಾರ್, ಕ್ಯೂ ಇನ್ನೊಂದ್ಸಲ ನೋಡ್ಬೇಕು' ಎನ್ನುತ್ತಾರೆ. ನೊಗ ಹೂಡಿದ ಎತ್ತನ್ನು ಗದ್ದೆಯಂಚಿನಲ್ಲೇ ನಿಲ್ಲಿಸಿದ ಹಾಗೆ. ಆದ್ದರಿಂದ ಆ ಮಧ್ಯಾಹ್ನ ಅಭಿನಯಿಸಬೇಡಿ. ಜಾಗ ಹಿಡಿದು ನಿಂತು, ಕ್ಯೂ ಮಾತನ್ನು, ಅಂದರೆ ಲೈಟ್ ಬದಲಿಸಲು ಸೂಚನೆಯಾಗುವ ಮಾತನ್ನು, ಅರ್ಧ ದನಿಯಲ್ಲಿ ಹೇಳಿದರೆ ಸಾಕು. ಮೈಕ್ ಲೆವೆಲ್ ನೋಡುವಾಗ ಮಾತ್ರ ಪೂರ್ತಿ ದನಿ ಕೊಡಿ. ಪಿಸುಮಾತು ಬೇಡ, ಅದರಿಂದ ಗಂಟಲಿಗೆ ವಿಶ್ರಾಂತಿ ಸಿಗುವುದಿಲ್ಲ. ನಿಮಗೆ ತಾಲೀಮಿಗೆ ಎರಡು ತಿಂಗಳು ಸಿಕ್ಕಿದೆ, ಆ ಲೈಟಿಂಗ್ ಹುಡುಗನಿಗೆ ಸಿಕ್ಕಿರುವುದು ಆ ಒಂದು ದಿನ ಮಾತ್ರ. ಇಷ್ಟು ನೆನಪಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿದೀತು. ಅವನನ್ನು ಕಂಡು ಒಂದು ಒಳ್ಳೆಯ ಮಾತೂ ಆಡಿ.

ಅಂದು ಏನು ತಿಂದಿರೆಂದು ನೀವು ಬರೆದಿಲ್ಲ. ಬೆಳಿಗ್ಗೆ ಎರಡು ಇಡ್ಲಿ, ಆಮೇಲೆ ಬರೀ ಟೀ ಎಂದು ನನ್ನ ಊಹೆ. ಖಾಲಿ ಹೊಟ್ಟೆಗೆ ಟೀ ಮೇಲೆ ಟೀ ಬಿದ್ದರೆ ಎದೆಯುರಿ ಬರುವುದೇ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ 4ರ ಕಾಫಿ ಪ್ರದರ್ಶನದ ಹೊತ್ತಿಗೂ ಮೈಯಲ್ಲಿರುತ್ತದೆ. ಒಂದು ಗಂಟೆಗೆ ಎಲ್ಲರೂ ಕೂತು ಮೊಸರನ್ನ ತಿನ್ನಬೇಕೆಂದು ನಿರ್ದೇಶಕರೇ ಕಟ್ಟುನಿಟ್ಟು ಮಾಡಲಿ. ವಿಂಗ್‌ನಲ್ಲಿ ನೀರಿನ ಬಾಟಲಿ ಇರಲಿ.

ಸಾವಿರ ವಾಟ್‌ನ ಪಾರ್ ದೀಪಗಳ ಕೆಳಗೆ ಮಂಡಿ ಬಿಗಿಹಿಡಿದು ನಿಂತರೆ ತಲೆಸುತ್ತಿ ಬೀಳುವವರಿದ್ದಾರೆ. ಕಾಲು ಬದಲಿಸುತ್ತ, ಹಿಮ್ಮಡಿ ಎತ್ತಿ ಇಳಿಸುತ್ತ ಇರಿ. ಇನ್ನು ಬ್ಲ್ಯಾಕೌಟ್. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ನಿಮಗೆ ಸಿಗುವುದು ನಾಲ್ಕೈದು ಸೆಕೆಂಡ್. ಹಾಗಾಗಿ ಬ್ಲ್ಯಾಕೌಟ್ ಕ್ಯೂ ಮತ್ತೆ ಮತ್ತೆ ಮಾಡಿಸಿದರೆ ಬೇಸರ ಪಡಬೇಡಿ. ಕತ್ತಲಲ್ಲಿ ನಿರ್ಗಮಿಸಿ ಅಭ್ಯಾಸ ಮಾಡಿಕೊಂಡರೆ ಉಳಿಯುವುದು ನಿಮ್ಮದೇ ಕಾಲು. ಮೆಟ್ಟಿಲಂಚಿಗೆ ಹೊಳೆಯುವ ಟೇಪ್ ಅಂಟಿಸಲು ಹೇಳಿ. ಪ್ರವೇಶಕ್ಕೆ ಮುಂಚೆ ಮೊಬೈಲ್ ನೋಡಬೇಡಿ, ಅದರ ಬೆಳಕಿಗೆ ಕತ್ತಲೆಗೆ ಹೊಂದಿಕೊಂಡ ಕಣ್ಣು ಮತ್ತೆ ಕೆಡುತ್ತದೆ.

ಬಿಪಿಯನ್ನು ಪ್ರದರ್ಶನದ ದಿನ ಅಳೆಯಬೇಡಿ. ಮಾಮೂಲಿ ದಿನಗಳಲ್ಲಿ ಐದು ನಿಮಿಷ ಸುಮ್ಮನೆ ಕುಳಿತು ನೋಡಿಸಿ. ಎರಡು ಮೂರು ಬೇರೆ ಬೇರೆ ದಿನವೂ 140/90 ಅಥವಾ ಮೇಲಿದ್ದರೆ ವೈದ್ಯರನ್ನು ಕಾಣಿ. ಗಂಟಲು ಮೂರು ವಾರದಲ್ಲೂ ಬಿಡದಿದ್ದರೆ ಇಎನ್‌ಟಿ ತಜ್ಞರಿಗೆ ತೋರಿಸಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ ತಾಲೀಮು ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ವಯಸ್ಸು 56, ರಂಗಸಜ್ಜಿಕೆ, ಪರಿಕರಗಳು ನನ್ನ ಜವಾಬ್ದಾರಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಟೆಕ್ನಿಕಲ್ ದಿನ ಊಟ ತಪ್ಪುತ್ತದೆ, ಸಂಜೆಗೆ ಕೈ ನಡುಗಿ, ಬೆವತು, ಎಲ್ಲರ ಮೇಲೂ ರೇಗುತ್ತೇನೆ.
– ಓದುಗರು, ಶಿವಮೊಗ್ಗ

ಉತ್ತರ: ಇದನ್ನು ಬರೀ ಸಿಟ್ಟೆಂದು ಬಿಡಬೇಡಿ, ಸಕ್ಕರೆ ಇಳಿದಿರಬಹುದು. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಅಥವಾ ಮೀಟರ್ ಹತ್ತಿರ ಇಲ್ಲದಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆಯಿದ್ದರೆ ಇನ್ನೊಮ್ಮೆ ಕುಡಿದು, ಆಮೇಲೆ ಊಟ ಮಾಡಿ. ಊಟ ತಪ್ಪುವ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪರಿಕರದ ಪೆಟ್ಟಿಗೆಯಲ್ಲಿ ಒಂದು ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಿ, ಅದು ಅಲ್ಲಿರುವುದು ತಂಡದ ಇನ್ನಿಬ್ಬರಿಗಾದರೂ ಗೊತ್ತಿರಲಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕೆಂದೂ ಅವರಿಗೆ ಹೇಳಿಡಿ.