ಬಿಸಿಲು, ಮಡಕೆ, ಇನ್ಸುಲಿನ್
ನಮ್ಮ ಬೆಂಚಲ್ಲಿ ಕೂರೋ ದೇವದುರ್ಗದ ಗೆಳೆಯ ಊಟಕ್ಕೆ ಮುಂಚೆ ಇನ್ಸುಲಿನ್ ತಗೋತಾನೆ. “ಸಿಹಿ ಜಾಸ್ತಿ ತಿಂದಿದ್ಯಾ?” ಅಂತ ಕೇಳಿದ್ವಿ. ತಪ್ಪು ನಮ್ಮದು.

ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತೆ. ಹಾಗಾಗಿ ಇನ್ಸುಲಿನ್ ಒಂದು ದಿನವೂ ಬಿಡೋ ಹಾಗಿಲ್ಲ.

ರಾಯಚೂರು, ಮಾನ್ವಿ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತೆ. ಆ ಬಿಸಿಗೆ ಇನ್ಸುಲಿನ್ ಕೆಡುತ್ತೆ. ಫ್ರಿಜ್ ಇಲ್ಲದ ಕಡೆ ಎರಡು ಮಣ್ಣಿನ ಮಡಕೆ, ನಡುವೆ ಒದ್ದೆ ಮರಳು ಇಟ್ಟರೆ ಒಳಗೆ ತಂಪು. ನೀರು ಆವಿಯಾಗುತ್ತಾ ಶಾಖ ಎಳೆಯುತ್ತೆ, ನಮ್ಮ ಥರ್ಮೋಡೈನಮಿಕ್ಸ್ ಪಾಠವೇ.

ಗೆಳೆಯ ನಡುಗಿ ಬೆವತರೆ ರಕ್ತದ ಸಕ್ಕರೆ ಇಳಿದಿರಬಹುದು. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸೋಣ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸೋಣ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡೋಣ.